ಹೇಳಿದವರು ಎದ್ದು ನಿಲ್ರಿ

ಆ ವರದಿಯನ್ನು ನಾನು ಎರಡು ಸಲ ಬರೆದೆ. ಮೊದಲ ಸಲ ಬರೆದದ್ದರಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಅದಕ್ಕೇ ಅದು ವಾಪಸು ಬಂತು.

ಸ್ವಯಂಸೇವಾ ಸಂಸ್ಥೆಗಳನ್ನು ನಡೆಸುವವರಿಗಾಗಿ ಬೆಂಗಳೂರಿನವರು ನಡೆಸುತ್ತಿದ್ದ ಒಂದು ವರ್ಷದ ನಾಯಕತ್ವ ಫೆಲೋಶಿಪ್‌ನಲ್ಲಿ ನಾನು ಕೋಚ್ ಆಗಿದ್ದೆ. ಪ್ರತಿಯೊಬ್ಬ ಫೆಲೋಗೂ ಒಬ್ಬ ಕೋಚ್. ನನ್ನ ಪಾಲಿಗೆ ಬಂದವರು ಬೈಲಹೊಂಗಲದ ಒಂದು ಸಂಸ್ಥೆಯ ಮುಖ್ಯಸ್ಥರು. ಲಕ್ವ ಹೊಡೆದವರು, ಬೆನ್ನುಮೂಳೆ ಮುರಿದವರು, ಎದ್ದು ಕೂಡಲಾಗದ ಮುದುಕರು, ಹೀಗೆ ಹಾಸಿಗೆ ಹಿಡಿದವರನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವ ಸಂಸ್ಥೆ ಅದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಹಳ್ಳಿಗಳಲ್ಲಿ ಅದರ ಕಾರ್ಯಕರ್ತೆಯರು ಓಡಾಡುತ್ತಿದ್ದರು. ಮುಖ್ಯಸ್ಥರು ಐವತ್ತು ದಾಟಿದವರು, ಶಾಸ್ತ್ರಿಗಳ ಮನೆತನದವರು, ಮೆಲುಮಾತಿನವರು. ಕಾಲೇಜಿನ ಕೆಲಸ ಬಿಟ್ಟು ಇದಕ್ಕೆ ಇಳಿದಿದ್ದರು. ನಾನೂ ಅಂಥದೇ ಮನೆಯಲ್ಲಿ ಬೆಳೆದವಳು. ಅವರ ಮಾತು ನನಗೆ ನಮ್ಮ ಮನೆಯ ಪಡಸಾಲೆಯ ಮಾತಿನಂತೆ ಕೇಳುತ್ತಿತ್ತು. ಅವರನ್ನು ನಾನು ಬೇಗ ನಂಬಿದ್ದಕ್ಕೆ ಇದೂ ಒಂದು ಕಾರಣ.

ಫೆಲೋಶಿಪ್ಪಿನ ಮೊದಲ ಕೆಲಸ ಫೀಡ್‌ಬ್ಯಾಕ್ ಸಂಗ್ರಹ. ಮುಖ್ಯಸ್ಥರನ್ನು ಹತ್ತಿರದಿಂದ ಬಲ್ಲ ಎಂಟು ಜನರನ್ನು ಕೋಚ್ ಬೇರೆ ಬೇರೆಯಾಗಿ ಕಾಣಬೇಕು. ಮೂರು ಪ್ರಶ್ನೆ ಕೇಳಬೇಕು: ಇವರು ಯಾವುದನ್ನು ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಹೊಸದಾಗಿ ಶುರು ಮಾಡಬೇಕು. ಜೊತೆಗೆ ಒಂದಿಷ್ಟು ಗುಣಗಳಿಗೆ ಐದರೊಳಗೆ ಅಂಕ ಹಾಕಿಸಬೇಕು. ಹೆಸರು ಎಲ್ಲಿಯೂ ಬರುವುದಿಲ್ಲ. ಯಾರು ಏನು ಹೇಳಿದರೆಂದು ಕೋಚ್‌ಗೆ ಬಿಟ್ಟರೆ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಮಾತು ತೆಗೆಯುವ ಮೊದಲು ಈ ಭರವಸೆಯನ್ನು ಗಟ್ಟಿಯಾಗಿ ಓದಿ ಹೇಳಬೇಕೆಂಬ ನಿಯಮವಿತ್ತು. ಎಂಟೂ ಸಲ ಓದಿದೆ.

ಸಂಪಗಾಂವದಲ್ಲಿ ಸಂಸ್ಥೆಯ ಆಡಳಿತ ಮಂಡಳಿಯ ಹಿರಿಯರೊಬ್ಬರು ಮುಖ್ಯಸ್ಥರನ್ನು ಋಷಿ ಎಂದರು. ಕಿತ್ತೂರಿನ ಕಾರ್ಯಕರ್ತೆ ಅಂಕದ ಹಾಳೆಯನ್ನು ನನ್ನ ಕೈಗೇ ಕೊಟ್ಟು, "ನೀವ ಚೊಲೊ ಆಗೂವಂಗ ತುಂಬ್ರಿ" ಎಂದಳು. ಏಳು ಜನರ ಮಾತು ಮುಗಿದಾಗ ನನ್ನ ಬಳಿ ಹೊಗಳಿಕೆ ಬಿಟ್ಟರೆ ಏನೂ ಇರಲಿಲ್ಲ. ಕೊನೆಯವಳು ತೊರಗಲ್‌ನ ಕಾರ್ಯಕರ್ತೆ. ನಲವತ್ತರ ಆಸುಪಾಸಿನ ರೈತರ ಮನೆಯ ಹೆಂಗಸು. ಏಳನೇ ಇಯತ್ತೆಯವರೆಗೆ ಓದಿದವಳು. ಸಂಸ್ಥೆಯಲ್ಲಿ ಹನ್ನೊಂದು ವರ್ಷದಿಂದ ಇದ್ದಳು.

ಅವತ್ತು ಮುಂಜಾನೆ ಪೂರ್ತಿ ಆಕೆಯ ಜೊತೆ ಮನೆ ಮನೆ ತಿರುಗಿದೆ. ಒಂದು ಮನೆಯಲ್ಲಿ ಹುಣಸೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಯುವಕನಿದ್ದ. ಆಕೆ ಅವನನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನಿನ ಮೇಲೆ ಅಂಗೈ ಒತ್ತಿ ಒತ್ತಿ ನೋಡಿದಳು. ಚರ್ಮ ಎಲ್ಲಿ ಬಿಸಿಯಾಗಿದೆಯೋ ಅಲ್ಲಿ ನಾಳೆ ಹುಣ್ಣಾಗುತ್ತದೆ ಎಂದು ಅವನ ತಾಯಿಗೆ ತೋರಿಸಿಕೊಟ್ಟಳು. ಹನ್ನೊಂದು ವರ್ಷದಲ್ಲಿ ತನ್ನ ರೋಗಿಗಳಲ್ಲಿ ಒಬ್ಬರಿಗೂ ಬೆನ್ನು ಹುಣ್ಣಾಗಲು ಬಿಟ್ಟಿಲ್ಲ ಎಂದು ಹೊರಗೆ ಬಂದ ಮೇಲೆ ಹೇಳಿದಳು. ಆಕೆ ಹೇಳಿಕೊಂಡ ಹೆಮ್ಮೆಯ ಮಾತು ಅದೊಂದೇ.

ಪ್ರಶ್ನೆಗಳಿಗೆ ಆಕೆಯೂ ಎಲ್ಲರಂತೆಯೇ ಉತ್ತರಿಸಿದಳು. "ಸರ್ ಚೊಲೊ ಅದಾರ್ರಿ. ಎಲ್ಲಾದಕ್ಕೂ ಐದ ಹಾಕ್ರಿ." ನಾನು ಪೆನ್ನು ಕೆಳಗಿಟ್ಟೆ. ಇದು ನಮಗೆ ಕಲಿಸಿದ ರೀತಿ. ಪೆನ್ನು ಕೆಳಗಿಟ್ಟರೆ ಜನ ಮಾತಾಡುತ್ತಾರೆ. "ಈ ಕೆಲಸದಾಗ ನಿಮಗ ಸಿಟ್ಟು ಬಂದದ್ದು ಯಾವಾಗ?" ಎಂದು ಕೇಳಿ ಸುಮ್ಮನಾದೆ.

ಆಕೆ ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತ ಕೂತಿದ್ದಳು. ಆಮೇಲೆ ಹೇಳಿದಳು.

"ಒಬ್ಬಾಕಿ ಮುದುಕಿ ಇದ್ಲರಿ. ಎರಡೂ ಕಾಲ ಹೋಗಿದ್ದು. ಮುಂಬೈದಿಂದ ದೊಡ್ಡ ಮಂದಿ ನೋಡಾಕ ಬಂದಿದ್ರು. ಮುದುಕಿ ನನಗ ಕೈಸನ್ನಿ ಮಾಡಿದ್ಲು, ಒಂದಕ್ಕ ಬಂದೈತಿ ಅಂತ. ನಾ ಸರ್‌ಗೆ ಹೋಗಿ ಹೇಳಿದೆ. ಎರಡು ನಿಮಿಷ ತಡಿ ಅಂದ್ರು. ಬಾಗಲದಾಗ ಬೆಳಕ ಚೊಲೊ ಐತಿ ಅಂತ ಗಾಲಿ ಕುರ್ಚಿ ಅಲ್ಲಿ ತಂದು ನಿಲ್ಲಿಸಿದ್ರು. ಫೋಟೋ ತಗದ್ರು, ಮತ್ತ ತಗದ್ರು. ಮುದುಕಿ ನನ್ನ ಮುಖಾ ನೋಡತಿದ್ಲು. ಕಡೀಕ ಕುರ್ಚ್ಯಾಗ ಆಗಿಬಿಡ್ತು. ಬಂದ ಮಂದಿ ಹಿಂದಕ್ಕ ಸರದ್ರು. ಸರ್ ಎಲ್ಲಾರ ಮುಂದ ನನಗಂದ್ರು, ಇದನ್ನೆಲ್ಲಾ ಮೊದಲ ಮಾಡಿಸಿ ಇಡಬೇಕಾಗಿತ್ತು ನೀ ಅಂತ."

"ಆಮ್ಯಾಲೆ?"

"ಆಮ್ಯಾಲೇನ್ರಿ. ಮುದುಕಿ ಮತ್ತ ಕುರ್ಚಿ ಮ್ಯಾಲ ಕುಂದ್ರಲಿಲ್ಲ. ಗ್ವಾಡಿ ಕಡೆ ಮುಖಾ ಮಾಡಿ ಮಲಗಿದ್ಲು. ಎರಡ ತಿಂಗಳಿಗೆ ಸತ್ಲು." ಮೇಲೇಳುತ್ತ ನನ್ನ ಕೈ ಹಿಡಿದಳು. "ಇದನ್ನ ಬರಕೋಬ್ಯಾಡ್ರಿ ಅಕ್ಕಾರ."

"ಹೆಸರು ಎಲ್ಲೂ ಬರೂದಿಲ್ಲ" ಎಂದೆ. ಬರೆಯುವುದಿಲ್ಲ ಎಂದು ಮಾತ್ರ ಹೇಳಲಿಲ್ಲ.

ಮೊದಲ ವರದಿಯಲ್ಲಿ ನಾನು ಒಂದೇ ಸಾಲು ಬರೆದೆ: ರೋಗಿಗಳ ಮರ್ಯಾದೆಯ ಬಗ್ಗೆ ಇನ್ನಷ್ಟು ಗಮನ ಬೇಕೆಂದು ಕೆಲವರ ಅನಿಸಿಕೆ. ಎರಡೇ ದಿನದಲ್ಲಿ ಕಾರ್ಯಕ್ರಮದ ಮುಖ್ಯಾಧಿಕಾರಿ ಬೆಂಗಳೂರಿನಿಂದ ಫೋನ್ ಮಾಡಿದಳು. ಚುರುಕಾದ ಹೆಂಗಸು. ನನಗಿಂತ ಚಿಕ್ಕವಳು.

"ಮೇಡಂ, ಇದನ್ನ ಓದಿ ಯಾವ ಮನುಷ್ಯ ಬದಲಾಗ್ತಾನೆ ಹೇಳಿ? ಒಂದು ಘಟನೆ ಕೊಡಿ. ಓದಿದ್ರೆ ಅವರಿಗೆ ನೋವಾಗ್ಬೇಕು. ನೋವಾಗದೆ ಯಾರೂ ಕಲಿಯಲ್ಲ."

ಎರಡನೆಯ ವರದಿ ಬರೆಯಲು ಕೂತೆ. ಊರು ತೆಗೆದೆ. ಮುದುಕಿಯನ್ನು "ಒಬ್ಬ ರೋಗಿ" ಮಾಡಿದೆ. ಮುಂಬೈಯನ್ನು "ಹೊರಗಿನ ಅತಿಥಿಗಳು" ಮಾಡಿದೆ. ಕಾರ್ಯಕರ್ತೆಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿದೆ. ಆದರೆ ಎರಡು ನಿಮಿಷ ಎಂಬುದನ್ನೂ ಬಾಗಿಲ ಬೆಳಕನ್ನೂ ಉಳಿಸಿಕೊಂಡೆ. ಅವಿಲ್ಲದಿದ್ದರೆ ಆ ಪುಟ ಸಪ್ಪೆಯಾಗುತ್ತಿತ್ತು. ಓದಿ ನೋಡಿದೆ, ಚೆನ್ನಾಗಿತ್ತು. ಕಳಿಸುವ ಮೊದಲು ಆಕೆಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಬೇಡ ಅಂದುಬಿಟ್ಟರೆ ಎಂಬ ಅಂಜಿಕೆಯಿಂದ ಕೇಳಲಿಲ್ಲ.

ಕಿತ್ತೂರಿನಲ್ಲಿ ಮೂರು ದಿನದ ಶಿಬಿರ. ಫೆಲೋಗಳೆಲ್ಲ ಕುರ್ಚಿಗಳನ್ನು ವೃತ್ತವಾಗಿ ಹಾಕಿಕೊಂಡು ಕೂತಿದ್ದರು. ಒಬ್ಬೊಬ್ಬರೇ ಎದ್ದು ನಿಂತು, ತಮ್ಮ ಬಗ್ಗೆ ಬಂದ ಮಾತುಗಳಲ್ಲಿ ಅತ್ಯಂತ ಕಹಿಯಾದದ್ದನ್ನು ತಾವೇ ಎಲ್ಲರೆದುರು ಓದಬೇಕು. ಓದುವಾಗ ಸಮರ್ಥನೆ ಕೊಡುವಂತಿಲ್ಲ. ನನ್ನ ಮುಖ್ಯಸ್ಥರ ಸರದಿ ಮಧ್ಯಾಹ್ನದ ಊಟಕ್ಕೆ ಮೊದಲು ಬಂತು. ಕನ್ನಡಕ ಏರಿಸಿ ಓದತೊಡಗಿದರು. ಬಾಗಿಲ ಬೆಳಕಿನ ಸಾಲಿಗೆ ಬಂದಾಗ ದನಿ ಕಟ್ಟಿತು. ಕೊನೆಯ ಸಾಲು ಮುಗಿಸಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ವೃತ್ತದಲ್ಲಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಖ್ಯಾಧಿಕಾರಿ ನನ್ನ ಕಡೆ ತಿರುಗಿ ತಲೆಯಾಡಿಸಿದಳು. ನನ್ನ ಕಣ್ಣೂ ಒದ್ದೆಯಾಗಿತ್ತು.

ಸಂಜೆ ಚಹಾ ಹೊತ್ತಿಗೆ ಮುಖ್ಯಸ್ಥರು ನನ್ನ ಹತ್ತಿರ ಬಂದರು. "ಯಾರು ಹೇಳಿದ್ದು ಅಂತ ನಾ ನಿಮ್ಮನ್ನ ಎಂದೂ ಕೇಳೂದಿಲ್ರಿ ಮೇಡಂ. ನಿಮಗ ಸುಮ್ಮನ ಸಂಕಟ ಆಗ್ತದ." ಇಂಥ ದೊಡ್ಡ ಮನಸ್ಸಿನವರ ಕೋಚ್ ಆಗಿದ್ದೇನಲ್ಲ ಎಂದು ನನಗೆ ಹಿಗ್ಗಾಯಿತು.

ಮರುದಿನದ ಪಾಠ ಮೌನದ ಕುರಿತು. ನಾಯಕನಾದವನು ಪ್ರಶ್ನೆ ಕೇಳಿ ಸುಮ್ಮನಿರಬೇಕು, ಎದುರಿನವರು ಬಾಯಿ ಬಿಡುವವರೆಗೆ ಕಾಯಬೇಕು. ಅವರು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡರು.

ಶಿಬಿರದ ನಂತರದ ಹೆಜ್ಜೆ, ಫೆಲೋ ತನ್ನ ಸಿಬ್ಬಂದಿಯನ್ನು ಸೇರಿಸಿ ತಾನು ಕಲಿತದ್ದನ್ನು ಹೇಳಿ ಎಲ್ಲರಿಗೂ ಒಟ್ಟಾಗಿ ಧನ್ಯವಾದ ಹೇಳುವುದು. ಕೋಚ್ ಮೂಲೆಯಲ್ಲಿ ಕೂತು ನೋಡಬೇಕು, ನಡುವೆ ಬಾಯಿ ಹಾಕುವಂತಿಲ್ಲ. ಬೈಲಹೊಂಗಲದ ಅವರ ಕಚೇರಿಯ ಮಾಳಿಗೆಯ ಮೇಲೆ ಸಭೆ. ಎಲ್ಲ ಕಡೆಯ ಕಾರ್ಯಕರ್ತೆಯರು ಜಮಖಾನೆಯ ಮೇಲೆ ಕೂತಿದ್ದರು. ತೊರಗಲ್‌ನವಳು ಮೂರನೆಯ ಸಾಲಿನಲ್ಲಿದ್ದಳು. ನನ್ನನ್ನು ಕಂಡು ನಕ್ಕಳು.

ಮುಖ್ಯಸ್ಥರು ಅದೇ ಹಾಳೆ ತೆಗೆದು ಓದಿದರು. ಈ ಸಲ ದನಿ ಎಲ್ಲಿಯೂ ಕಟ್ಟಲಿಲ್ಲ. ಓದುತ್ತ ಹೋದಂತೆ ಮೂರನೆಯ ಸಾಲಿನ ನಗು ಆರಿತು. ಆಕೆ ನನ್ನತ್ತ ನೋಡಿದಳು. ನಾನು ನೋಟ್‌ಬುಕ್ಕಿನಲ್ಲಿ ತಾರೀಖು ಬರೆದೆ. ಅದರ ಕೆಳಗೆ ಮತ್ತೊಮ್ಮೆ ಅದೇ ತಾರೀಖು ಬರೆದೆ.

ಅವರು ಹಾಳೆ ಮಡಿಚಿ ಜೇಬಿನಲ್ಲಿಟ್ಟರು.

"ಈ ಮಾತು ನನ್ನ ಕಣ್ಣು ತೆರಿಸ್ಯದ. ಹೇಳಿದವರಿಗೆ ನಾ ಎಲ್ಲಾರ ಮುಂದ ಕೈ ಮುಗೀಬೇಕು. ಹೇಳಿದವರು ಎದ್ದು ನಿಲ್ರಿ."

ಯಾರೂ ಏಳಲಿಲ್ಲ.

"ಅಂಜಬ್ಯಾಡ್ರಿ. ನಾ ಕಾಯ್ತೇನಿ" ಎಂದು ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನಾದರು.

ಹೊರಗೆ ಮಾರ್ಕೆಟ್ ಯಾರ್ಡಿಗೆ ಹೋಗುವ ಲಾರಿಗಳ ಹಾರ್ನ್ ಕೇಳುತ್ತಿತ್ತು. ಒಬ್ಬರು ಕೆಮ್ಮಿದರು. ಐದು ನಿಮಿಷ ಕಳೆದಿರಬೇಕು. ಮೊದಲು ಒಬ್ಬಳು ತಿರುಗಿ ಮೂರನೆಯ ಸಾಲಿನತ್ತ ನೋಡಿದಳು. ಆಮೇಲೆ ಇನ್ನೊಬ್ಬಳು. ಆ ಮುದುಕಿ ಯಾವ ಊರಿನವಳು, ಅಲ್ಲಿಗೆ ಹೋಗುತ್ತಿದ್ದವರು ಯಾರು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮುಖ್ಯಸ್ಥರು ಮಾತ್ರ ಆ ಕಡೆ ನೋಡದೆ ಎದುರಿನ ಗೋಡೆ ನೋಡುತ್ತ ಕೂತಿದ್ದರು. ನಾನು ಎದ್ದು "ಇದು ನಿಯಮಕ್ಕೆ ವಿರುದ್ಧ" ಎಂದು ನಾಲ್ಕು ಮಾತು ಆಡಿದ್ದರೆ ಸಾಕಿತ್ತು. ಕೋಚ್ ಮಾತಾಡಬಾರದೆಂಬ ಇನ್ನೊಂದು ನಿಯಮ ನನಗೆ ಆಗ ಬಹಳ ಅನುಕೂಲವಾಗಿ ನೆನಪಿಗೆ ಬಂತು.

ಕೊನೆಗೆ ಆಕೆ ನೆಲಕ್ಕೆ ಕೈಯೂರಿ ಎದ್ದಳು. "ನಾನ್ರಿ ಸರ್."

ಅವರು ಲಗುಬಗೆಯಿಂದ ಹೋಗಿ ಆಕೆಗೆ ಕೈ ಮುಗಿದರು. ಮೇಜಿನ ಕೆಳಗಿನ ಚೀಲದಿಂದ ಒಂದು ಶಾಲು ತೆಗೆದು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋ ಆಯಿತು. ಶಾಲನ್ನು ಅವರು ಮೊದಲೇ ತಂದಿಟ್ಟಿದ್ದರೆಂಬುದು ನನಗೆ ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ.

ಆ ಸಭೆಯಲ್ಲೇ ಆಕೆಗೆ ಬಡ್ತಿ ಘೋಷಿಸಿದರು. "ಇಷ್ಟು ಧೈರ್ಯ ಇದ್ದವರನ್ನ ಹಳ್ಳ್ಯಾಗ ಇಟ್ಟರ ನಂದ ತಪ್ಪಾಗ್ತದ" ಎಂದು ಸವದತ್ತಿ ಕಚೇರಿಗೆ ಮೇಲ್ವಿಚಾರಕಿ ಮಾಡಿದರು. ತೊರಗಲ್‌ನಿಂದ ದಿನಾ ಎರಡು ಬಸ್ಸು ಬದಲಿಸಿ ಹೋಗಿ ಬರಬೇಕು. ಉಳಿದ ಕಾರ್ಯಕರ್ತೆಯರ ಭೇಟಿಗಳನ್ನು ಕಂಪ್ಯೂಟರಿನಲ್ಲಿ ತುಂಬಬೇಕು, ಅವರ ಲೋಪಗಳನ್ನು ಪಟ್ಟಿ ಮಾಡಬೇಕು. ಆಕೆಯ ರೋಗಿಗಳಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳನ್ನು ಹಾಕಿದರು. ನನ್ನ ತಿಂಗಳ ವರದಿಯಲ್ಲಿ ನಾನು ಇದನ್ನು "ತಳಮಟ್ಟದವರಿಗೆ ಹೊಣೆ ಹಂಚಿಕೆ" ಎಂದು ಬರೆದೆ.

ಪ್ರತಿ ವಾರ ನಡೆಯುವ ಸೋಮವಾರದ ಸಿಬ್ಬಂದಿ ಸಭೆಯನ್ನು ಎರಡು ಸಲ ನೋಡಿದೆ. ಫೆಲೋಶಿಪ್ಪಿನ ಮೂರು ಪ್ರಶ್ನೆಗಳನ್ನೇ ಅವರು ಅಲ್ಲಿ ತಂದಿದ್ದರು. ಪ್ರತಿ ಸೋಮವಾರ ಆಕೆಯನ್ನು ಎದುರಿಗೆ ನಿಲ್ಲಿಸಿ, ಇವರು ಏನನ್ನು ನಿಲ್ಲಿಸಬೇಕು ಎಂದು ಉಳಿದವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದರು. ಕೇಳಿ ಸುಮ್ಮನಿರುತ್ತಿದ್ದರು.

"ಅಕ್ಕಾ ಲಗೂ ಕಲಿಯಂಗಿಲ್ರಿ" ಎಂದು ಒಬ್ಬಳು. "ಒಂದ ಬೆರಳಿಲೆ ಟೈಪ್ ಮಾಡ್ತಾರಿ, ನಮ್ಮ ಹಾಜರಿ ಬೀಳೂದಿಲ್ಲ" ಎಂದು ಇನ್ನೊಬ್ಬಳು. ಕಿತ್ತೂರಿನವಳು ಅಳುತ್ತ, "ನಮ್ಮ ಮ್ಯಾಲ ಚಾಡಿ ಬರೀತಾರಿ" ಎಂದಳು. ಆಕೆ ಪ್ರತಿಯೊಬ್ಬರಿಗೂ "ಥ್ಯಾಂಕ್ಸ್ ರಿ" ಎನ್ನಬೇಕಿತ್ತು. ಅದೂ ನಮ್ಮ ಶಿಬಿರದಲ್ಲಿ ಕಲಿಸಿದ್ದೇ. ಅನ್ನುತ್ತಿದ್ದಳು.

ಎರಡನೆಯ ಸಭೆ ಮುಗಿದ ಮೇಲೆ ಅವರ ಕೋಣೆಗೆ ಹೋದೆ. "ಸರ್, ಇದು ಶಿಕ್ಷಾ ಆಗ್ಲಿಕ್ಕತ್ತದ" ಎಂದೆ.

"ನೀವ ಕಲಿಸಿದ್ದಲ್ರಿ ಮೇಡಂ?" ಅವರ ದನಿಯಲ್ಲಿ ಸ್ವಲ್ಪವೂ ಸಿಟ್ಟಿರಲಿಲ್ಲ. "ನಾ ಎಲ್ಲಾರ ಮುಂದ ಓದಲಿಲ್ಲೇನು? ನಾ ಅಳಲಿಲ್ಲೇನು? ನನಗ ಆದದ್ದು ಆಕಿಗೂ ಆಗ್ಲಿ. ಆಕಿನೂ ಬೆಳೀಲಿ." ಚಹಾ ತರಿಸಿದರು. ಲೋಟವನ್ನು ನನ್ನ ಕಡೆ ಸರಿಸುತ್ತ, "ಎರಡು ನಿಮಿಷ ಅಂತ ನಾ ಆಕಿ ಕಿವ್ಯಾಗ ಅಂದಿದ್ದು. ಮತ್ತ್ಯಾರಿಗೂ ಕೇಳ್ಸಿರ್ಲಿಲ್ಲ. ನೀವು ಭಾಳ ಚಂದ ಬರದೀರಿ" ಎಂದರು.

ಆ ಚಹಾವನ್ನು ಪೂರ್ತಿ ಕುಡಿದೇ ಎದ್ದೆ. ಯಾಕೆ ಕುಡಿದೆನೋ ತಿಳಿಯದು.

ಕೆಲವು ವಾರ ಕಳೆದ ಮೇಲೆ ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ಆಕೆ ಸಿಕ್ಕಳು. ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಆಕೆಗೆ ಅಷ್ಟು ಪುರುಸೊತ್ತಿರಲಿಲ್ಲ.

"ಅಕ್ಕಾರ, ಆ ಹುಣಸಿ ಗಿಡದಾಗಿಂದ ಬಿದ್ದ ಹುಡುಗ ಇದ್ನಲ್ರಿ, ಅಂವಗ ಬೆನ್ನ ಹುಣ್ಣಾಗೇತಿ. ಹೊಸಾಕಿಗೆ ಹೊರಳಿಸಾಕ ಬರಂಗಿಲ್ಲ. ನಿನ್ನೆ ಹೋಗಿ ನೋಡಿದೆ, ಒಳಗ ಎಲುಬ ಕಾಣಾಕತ್ತೈತಿ. ಸರ್‌ಗೆ ಹೇಳ್ರಿ, ನನ್ನ ಹಳ್ಳಿಗೆ ಹಾಕ್ರಿ ಅಂತ. ಬಡ್ತಿ ಬ್ಯಾಡ್ರಿ. ಕಾಲ ಬೀಳಂದ್ರ ಬೀಳ್ತೇನಿ."

ಅಲ್ಲಿಯೇ, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ಅರ್ಧವರ್ಷದ ಮೌಲ್ಯಮಾಪನದಲ್ಲಿ ನಡೆದದ್ದೆಲ್ಲ ಬರೆಯುವುದೆಂದು ನಿರ್ಧರಿಸಿದೆ. "ನೀವೂ ಒಂದು ಮಾತು ಸಹಿ ಮಾಡಿ ಕೊಡ್ರಿ, ನಾ ಬೆಂಗಳೂರಿಗೆ ಮುಟ್ಟಸ್ತೇನಿ" ಎಂದು ಕೇಳಿದೆ.

ಆಕೆ ಚೀಲ ಹೆಗಲಿಗೇರಿಸಿದಳು. "ಒಮ್ಮೆ ಹೇಳೇನಲ್ರಿ ನಿಮಗ" ಎಂದು ಬಸ್ಸಿನ ಕಡೆ ನಡೆದಳು.

ಹಾಗಾಗಿ ನಾನು ಕಂಡು ಕೇಳಿದ್ದನ್ನಷ್ಟೇ ಬರೆದೆ. ಶಾಲು, ಸೋಮವಾರದ ಸಭೆ, ಹುಣ್ಣು. ಕೊನೆಗೆ ನನ್ನದನ್ನೂ ಬರೆದೆ: ಬೇಡವೆಂದು ಹೇಳಿದ್ದ ಘಟನೆಯನ್ನು, ಕೇಳದೆ, ಗುರುತು ಸಿಗುವಂತೆ ವರದಿಯಲ್ಲಿ ಸೇರಿಸಿದವಳು ನಾನು. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಯಾರೂ ನಂಬುವುದಿಲ್ಲ ಎಂದು ನನ್ನ ಲೆಕ್ಕ.

ವಿಚಾರಣೆಗೆ ಬೆಂಗಳೂರಿನಿಂದ ಇಬ್ಬರು ಬಂದರು. ಒಂದು ದಿನ ಬೈಲಹೊಂಗಲದ ಕಚೇರಿಯಲ್ಲಿ ಕೂತು ಎಲ್ಲರನ್ನೂ ಕೇಳಿದರು. ಯಾರೂ ಏನೂ ಹೇಳಲಿಲ್ಲ. ಶಾಲಿನ ಫೋಟೋ ಫೈಲಿನಲ್ಲಿತ್ತು, ಬಡ್ತಿಯ ಪತ್ರವೂ ಇತ್ತು. ಮುಂದಿನ ವಾರ ಮುಖ್ಯಾಧಿಕಾರಿ ಫೋನ್ ಮಾಡಿದಳು.

"ಮೇಡಂ, ನೀವು ಬರೆದಿರೋದ್ರಲ್ಲಿ ಸಾಬೀತಾಗಿರೋದು ಒಂದೇ. ಗುಟ್ಟು ಬಿಟ್ಟುಕೊಟ್ಟಿದ್ದು ನೀವು ಅಂತ. ಅದನ್ನ ನೀವೇ ಒಪ್ಕೊಂಡಿದ್ದೀರಿ."

"ಘಟನಾ ಬೇಕು ಅಂತ ನೀವ ಹೇಳಿದ್ರಿ."

"ಘಟನೆ ಕೇಳಿದ್ದೆ. ಗುರುತು ಹಿಡಿಯೋ ಹಾಗೆ ಬರೀರಿ ಅಂದಿರ್ಲಿಲ್ಲ."

ಅದು ನಿಜ. ನನ್ನನ್ನು ಕೆಲಸದಿಂದ ಬಿಡಿಸಿದರು. ಮುಖ್ಯಸ್ಥರಿಗೆ ಹೊಸ ಕೋಚ್ ಬಂದಳು. ಕಿತ್ತೂರಿನಲ್ಲಿ ಅವರು ಹಾಳೆ ಓದಿ ಅತ್ತದ್ದನ್ನು ಈಗ ಹೊಸ ಫೆಲೋಗಳಿಗೆ ಉದಾಹರಣೆಯಾಗಿ ಹೇಳುತ್ತಾರೆಂದು ಆ ಶಿಬಿರದಲ್ಲಿದ್ದ ಇನ್ನೊಬ್ಬ ಫೆಲೋ ನನಗೆ ತಿಳಿಸಿದರು. ಫೆಲೋಶಿಪ್ ಅವರು ಚೆನ್ನಾಗಿಯೇ ಮುಗಿಸಿದರು.

ಕೆಲವು ತಿಂಗಳು ಬಿಟ್ಟು ತೊರಗಲ್‌ಗೆ ಹೋದೆ. ಕ್ಷಮೆ ಕೇಳಬೇಕೆಂದಿದ್ದೆ. ಆಕೆ ಮನೆಯಲ್ಲಿರಲಿಲ್ಲ. ಕೆಲಸಕ್ಕೆ ಹೋಗಿದ್ದಾಳೆಂದು ಪಕ್ಕದವರು ಹೇಳಿದ ಮನೆ ಹುಡುಕಿಕೊಂಡು ಹೋದರೆ, ಅದು ಹುಣಸೆ ಮರದಿಂದ ಬಿದ್ದವನ ಮನೆ. ಆಕೆ ಕೈಯಲ್ಲಿ ಬಿಸಿನೀರಿನ ಬೋಗುಣಿ ಹಿಡಿದು ಹೊರಗೆ ಬಂದಳು. ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು.

"ನಿಮ್ಮನ್ನ ಮತ್ತ ಇಲ್ಲಿಗೇ ಹಾಕಿದ್ರ?" ಎಂದೆ. ನನಗೆ ನಿಜಕ್ಕೂ ಸಂತೋಷವಾಗಿತ್ತು.

"ಹೂಂ ರಿ." ದನಿ ತಗ್ಗಿಸಿದಳು. "ಹೊಸಾ ಮೇಡಂ ಬಂದಿದ್ರು, ಆ ಮೂರು ಪ್ರಶ್ನೆ ಎರಡನೇ ಸಲ ಕೇಳಾಕ. ಪೆನ್ನ ಕೆಳಗಿಟ್ಟು ಕುಂತ್ರು, ನಿಮ್ಮಂಗ. ನಾ ಎಲ್ಲಾದಕ್ಕೂ ಐದಕ್ಕ ಐದ ಹಾಕ್ಸಿದೆ. ಸರ್ ದೇವರಂಥವರು ಅಂದೆ. ಮುದುಕಿದು ನಾನ ಸುಳ್ಳ ಹೇಳಿದ್ದೆ ಅಂತನೂ ಅಂದೆ. ಮುಂದಿನ ಸೋಮವಾರ ಇಲ್ಲಿಗೆ ಹಾಕಿದ್ರು."

ಆಕೆ ಒಮ್ಮೆ ಓಣಿಯ ಕಡೆ ನೋಡಿದಳು.

"ಅಂವನ ಹುಣ್ಣ ಮಾಯಾಕ ಇನ್ನೂ ಭಾಳ ದಿನಾ ಬೇಕ್ರಿ. ನೀವು ಬಂದಿದ್ದು ಯಾರರ ನೋಡಿದ್ರ ಮತ್ತ ಸವದತ್ತಿಗೆ ಹಾಕ್ತಾರ." ಬೋಗುಣಿಯನ್ನು ಇನ್ನೊಂದು ಕೈಗೆ ಬದಲಿಸಿದಳು. "ಇಲ್ಲಿಗೆ ಬರಬ್ಯಾಡ್ರಿ ಅಕ್ಕಾರ."

ಒಳಗಿನಿಂದ ಆ ಯುವಕನ ದನಿ ಬಂತು. "ಯಾರ ಬಂದಾರಕ್ಕಾ?"

"ಯಾರೂ ಇಲ್ಲೋ ತಮ್ಮಾ. ಕೋಟಿಗೆ ದಾರಿ ಕೇಳಾಕ ಬಂದಿದ್ರು."

ನಾನು ನಿಂತಿದ್ದ ಅಂಗಳದಿಂದ ಊರ ಕೋಟೆಯ ಗೋಡೆ ಕಣ್ಣೆದುರಿಗೇ ಕಾಣುತ್ತಿತ್ತು. ಆಕೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.